ಕಾರ್ಡಿನ ಆಟವೇ ಕಸುಬಾದರೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪ್ರಶ್ನೆಗಳು ಟ್ರೇಡಿಂಗ್ ಕಾರ್ಡ್ ಗೇಮ್‌ಗಳ ಬಗ್ಗೆ. ಹೆಚ್ಚಿನವರು ಕೇಳಿರುವುದು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದ ವಿಷಯ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, ಅಮೆರಿಕದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದ ಆಟ ಇದು. ಆಟಗಾರರು ತಮ್ಮದೇ ಕಾರ್ಡುಗಳಿಂದ ಕನಿಷ್ಠ 60 ಕಾರ್ಡಿನ ಡೆಕ್ ಕಟ್ಟಿಕೊಂಡು ಬಂದು ಎದುರುಬದುರು ಕೂತು ಆಡುತ್ತಾರೆ.

ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಓದು ಬಿಟ್ಟು ಮ್ಯಾಜಿಕ್ ಆಟದಲ್ಲಿ ಪ್ರೊ ಆಗುತ್ತೇನೆ ಅನ್ನುತ್ತಾನೆ. ಇದರಲ್ಲಿ ಸಂಬಳ ಅಂತ ಇದೆಯೇ? ಇದೂ ಇಸ್ಪೀಟಿನ ಹಾಗೆ ಜೂಜೇ?
— ಒಬ್ಬ ತಾಯಿ, ಶಿವಮೊಗ್ಗ

ಸಂಬಳ ಇಲ್ಲ. ಸ್ವಲ್ಪ ಕಾಲ ಇತ್ತು, ಹೋಯಿತು. ಅದು ಹೇಗೆ ಹೋಯಿತು ಅನ್ನುವುದನ್ನು ನಿಮ್ಮ ಮಗ ತಿಳಿದಿರಲೇಬೇಕು.

ಪ್ರೊ ಟೂರ್ ಅಂದರೆ ಅರ್ಹತೆ ಪಡೆದವರು ಮಾತ್ರ ಆಡುವ, ನಗದು ಬಹುಮಾನದ ಮೇಲ್ಮಟ್ಟದ ಕೂಟ. ಮೊದಲನೆಯದು ನಡೆದದ್ದು 1996ರ ಫೆಬ್ರವರಿಯಲ್ಲಿ, ನ್ಯೂಯಾರ್ಕಿನಲ್ಲಿ. ಮುಂದೆ ವರ್ಷವಿಡೀ ಚೆನ್ನಾಗಿ ಆಡಿದವರಿಗೆ ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ದರ್ಜೆಗಳು ಬಂದವು. ಪ್ಲಾಟಿನಂ ಆಟಗಾರನಿಗೆ ಪ್ರೊ ಟೂರ್‌ಗೆ ಹಾಜರಾದರೇ 3,000 ಡಾಲರ್ ಸಿಗುತ್ತಿತ್ತು. 2016ರಲ್ಲಿ ಅದನ್ನು 250 ಡಾಲರ್‌ಗೆ ಇಳಿಸುವುದಾಗಿ ಕಂಪನಿ ಹೇಳಿತು. ಆಟಗಾರರು ಸಿಡಿದೆದ್ದ ಮೇಲೆ ಕೆಲವೇ ದಿನಗಳಲ್ಲಿ ಆ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಂಡಿತು. 2019ರಲ್ಲಿ ಮ್ಯಾಜಿಕ್ ಪ್ರೊ ಲೀಗ್ ಶುರುವಾಯಿತು. ಜಗತ್ತಿನಾದ್ಯಂತ 32 ಆಟಗಾರರು, ಒಬ್ಬೊಬ್ಬರಿಗೂ 75,000 ಡಾಲರ್ ಒಪ್ಪಂದ. ಸಂಬಳ ಎಂದು ಕರೆಯಬಹುದಾದದ್ದು ಅದೊಂದೇ. 2021ರ ಮೇ ತಿಂಗಳಲ್ಲಿ ಲೀಗ್ ಮುಚ್ಚುವ ಪ್ರಕಟಣೆ ಬಂತು, ಆಮೇಲೆ ಎಲ್ಲ ಮುಗಿಯಿತು. ಆ 32 ಜನರ ಆಟವೇನೂ ಕೆಟ್ಟಿರಲಿಲ್ಲ. ಈ ವೃತ್ತಿಯ ಬುನಾದಿ ಒಂದೇ ಒಂದು ಕಂಪನಿಯ ಪ್ರಚಾರದ ಬಜೆಟ್ಟು. ಅದು ಅಲುಗಿದರೆ ಎಷ್ಟೇ ದೊಡ್ಡ ಆಟಗಾರನಾದರೂ ಮಾಡುವುದೇನೂ ಇಲ್ಲ.

2023ರಲ್ಲಿ ಪ್ರೊ ಟೂರ್ ಫಿಲಡೆಲ್ಫಿಯಾದಲ್ಲಿ ಮತ್ತೆ ಶುರುವಾಯಿತು. ಅಂದಿನಿಂದ 2025ರವರೆಗಿನ ಕ್ರಮ ಹೀಗೆ: ವರ್ಷಕ್ಕೆ ಮೂರು ಪ್ರೊ ಟೂರ್, ಒಂದೊಂದರ ಒಟ್ಟು ಬಹುಮಾನ 5,00,000 ಡಾಲರ್, ಗೆದ್ದವರಿಗೆ 50,000. ಕೇಳಲು ದೊಡ್ಡ ಮೊತ್ತವೇ. ಆದರೆ ಸುಮಾರು 300 ಜನ ಆಡುವ ಕೂಟದಲ್ಲಿ ತಲಾ ಸರಾಸರಿ ತೆಗೆದರೆ 1,700 ಡಾಲರ್ ಕೂಡ ಬರುವುದಿಲ್ಲ. ವಿಮಾನ, ಹೋಟೆಲು, ಊಟ ಎಲ್ಲ ಅದರಲ್ಲೇ ಕಳೆಯಬೇಕು.

ಇನ್ನೊಂದು ಲೆಕ್ಕವನ್ನು ಮಗನಿಂದಲೇ ಮಾಡಿಸಿ, ಎಂಜಿನಿಯರಿಂಗ್ ಓದುವ ಹುಡುಗನಿಗೆ ಇದು ಕಷ್ಟವಲ್ಲ. ಪ್ರೊ ಟೂರ್‌ನಲ್ಲಿ 16 ಸುತ್ತು. ಕೊನೆಯ ಎಂಟರೊಳಗೆ ಬರಲು ಹೆಚ್ಚುಕಡಿಮೆ 12 ಗೆಲುವು ಬೇಕು. ಜಗತ್ತಿನ ಅತ್ಯುತ್ತಮರು ಆ ಮಟ್ಟದಲ್ಲಿ ನೂರಕ್ಕೆ ಸುಮಾರು 60 ಪಂದ್ಯ ಗೆಲ್ಲುತ್ತಾರೆ. ಅಷ್ಟು ಸಾಮರ್ಥ್ಯ ಇರುವವರಿಗೂ 16ರಲ್ಲಿ 12 ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ ನೂರಕ್ಕೆ 17 ಮಾತ್ರ, ಅಂದರೆ ಆರು ಟೂರ್‌ಗೆ ಒಮ್ಮೆ. ಮುಂದೆ ಇನ್ನೂ ಮೂರು ಪಂದ್ಯ ಸತತವಾಗಿ ಗೆದ್ದು ಕಪ್ ಎತ್ತುವ ಸಾಧ್ಯತೆ ನೂರಕ್ಕೆ ನಾಲ್ಕೂ ಇಲ್ಲ. ವರ್ಷಕ್ಕೆ ಮೂರೇ ಟೂರ್ ಇದ್ದರೆ, ಒಂದನ್ನು ಗೆಲ್ಲಲು ಸರಾಸರಿ ಒಂಬತ್ತು ವರ್ಷ! ಜರ್ಮನಿಯ ಕಾಯ್ ಬುಡ್ಡೆ ಏಳು ಪ್ರೊ ಟೂರ್ ಗೆದ್ದಿದ್ದಾರೆ. ಅವರ ಹೆಸರನ್ನು ಆಟಗಾರರು ಯಾಕೆ ಅಷ್ಟು ಗೌರವದಿಂದ ಹೇಳುತ್ತಾರೆ ಅನ್ನುವುದು ಈ ಲೆಕ್ಕ ನೋಡಿದರೆ ತಿಳಿಯುತ್ತದೆ.

ಜೂಜೇ ಎಂಬ ಪ್ರಶ್ನೆಗೆ: ಮೇಜಿನ ಮೇಲಿನ ಆಟ ಜೂಜಲ್ಲ. ಎಲೆ ಹೇಗೆ ಬೀಳುತ್ತದೆ ಅನ್ನುವ ಅದೃಷ್ಟ ಇದ್ದೇ ಇದೆ, ಆದರೆ ಅದೇ ಹೆಸರುಗಳು ವರ್ಷವರ್ಷವೂ ಮೇಲೆ ಬರುವುದು ಕೌಶಲದಿಂದ. ಪಂದ್ಯದ ಮೇಲೆ ಬಾಜಿ ಕಟ್ಟುವುದನ್ನು ಕೂಟದ ನಿಯಮವೇ ನಿಷೇಧಿಸಿದೆ. ಜೂಜಿನ ಗುಣ ಇರುವುದು ಬೂಸ್ಟರ್ ಪ್ಯಾಕ್ (ಒಳಗೆ ಯಾವ ಕಾರ್ಡ್ ಇದೆ ಎಂದು ಗೊತ್ತಿಲ್ಲದ ಮುಚ್ಚಿದ ಪೊಟ್ಟಣ) ಒಡೆಯುವ ಚಟದಲ್ಲಿ. ಮಗನ ದುಡ್ಡು ಪ್ರಯಾಣಕ್ಕೆ ಹೋಗುತ್ತಿದೆಯೋ ಪ್ಯಾಕಿಗೆ ಹೋಗುತ್ತಿದೆಯೋ ನೋಡಿ. ಪ್ಯಾಕಿಗೇ ಆದರೆ ಅವನು ಪ್ರೊ ಆಗುವ ದಾರಿಯಲ್ಲಿಲ್ಲ.

ಓದು ಬಿಡುವ ಅಗತ್ಯ ಖಂಡಿತ ಇಲ್ಲ. ವರ್ಷಕ್ಕೆ ಮೂರು ದೊಡ್ಡ ಕೂಟ, ಅವುಗಳ ಹಿಂದಿನ ಎರಡು ಮೂರು ವಾರದ ತಯಾರಿ, ಇಷ್ಟನ್ನು ಕೆಲಸದ ಜೊತೆಗೇ ಮಾಡುವವರು ಬೇಕಾದಷ್ಟಿದ್ದಾರೆ. 2000ದ ವಿಶ್ವ ಚಾಂಪಿಯನ್ ಜಾನ್ ಫಿಂಕೆಲ್ ಹಣಕಾಸು ಹೂಡಿಕೆಯನ್ನು ವೃತ್ತಿ ಮಾಡಿಕೊಂಡೂ 2008ರಲ್ಲಿ ಕ್ವಾಲಾಲಂಪುರದ ಪ್ರೊ ಟೂರ್ ಗೆದ್ದರು. ಬ್ರಯನ್ ಕಿಬ್ಲರ್ ಆಟಗಳ ವಿನ್ಯಾಸಕ್ಕೆ ಹೋದರು. ಲೂಯಿಸ್ ಸ್ಕಾಟ್-ವಾರ್ಗಸ್ ಬರಹ, ವಿಡಿಯೊ, ಕಾಮೆಂಟರಿಗಳಿಂದ ಹೆಸರಾದರು. ಇದರಲ್ಲಿ ಜೀವನ ಸಾಗಿಸುವವರಲ್ಲಿ ಬಹುಪಾಲು ಜನರ ನಿಯಮಿತ ಆದಾಯ ಸ್ಟ್ರೀಮಿಂಗ್, ಲೇಖನ, ಕೋಚಿಂಗ್‌ಗಳಿಂದ ಬರುತ್ತದೆ. ಬಹುಮಾನ ಬಂದರೆ ಬಂತು.

ದಿನಕ್ಕೆ ನಾಲ್ಕು ಗಂಟೆ ಮ್ಯಾಜಿಕ್‌ನ ಆನ್‌ಲೈನ್ ರೂಪವಾದ ‘ಅರೀನಾ’ದಲ್ಲಿ ಆಡುತ್ತೇನೆ, ಅಲ್ಲಿನ ಅತಿ ಮೇಲಿನ ಮಿಥಿಕ್ ದರ್ಜೆಗೆ ಪ್ರತಿ ತಿಂಗಳೂ ಬರುತ್ತೇನೆ. ಆದರೆ ಮೇಜಿನ ಮೇಲಿನ ಕೂಟಕ್ಕೆ ಹೋದರೆ ಸೋಲುತ್ತೇನೆ. ಅಭ್ಯಾಸದಲ್ಲಿ ಎಲ್ಲಿ ತಪ್ಪುತ್ತಿದೆ?
— ಎಂ.ಎಸ್ಸಿ. ವಿದ್ಯಾರ್ಥಿ, ಮೈಸೂರು

ನಾಲ್ಕು ಗಂಟೆ ಸಾಕು. ಆ ಹೊತ್ತಿನಲ್ಲಿ ಏನು ಆಡುತ್ತೀರಿ ಅನ್ನುವುದನ್ನು ನೋಡಬೇಕು. ನಿಮ್ಮ ಪತ್ರದಲ್ಲಿ ‘ಬೆಸ್ಟ್ ಆಫ್ ಒನ್’ ಆಡುವುದಾಗಿ ಬರೆದಿದ್ದೀರಿ. ಎಡವಟ್ಟು ಅಲ್ಲಿಂದಲೇ.

ಅರೀನಾದ ಒಂದೇ ಗೇಮಿನ ಪಂದ್ಯದಲ್ಲಿ ಆರಂಭದ ಕೈಯನ್ನು (ಮೊದಲು ಸಿಗುವ ಏಳು ಕಾರ್ಡನ್ನು) ಯಂತ್ರ ಸ್ವಲ್ಪ ತಿದ್ದಿ ಕೊಡುತ್ತದೆ. ಒಂದಕ್ಕಿಂತ ಹೆಚ್ಚು ಕೈಗಳನ್ನು ಹಂಚಿ ನೋಡಿ, ನಿಮ್ಮ ಡೆಕ್‌ನ ಲ್ಯಾಂಡ್ (ಉಳಿದ ಕಾರ್ಡುಗಳನ್ನು ಆಡುವ ಖರ್ಚಿಗೆ ಶಕ್ತಿ ಕೊಡುವ ಕಾರ್ಡ್) ಪ್ರಮಾಣಕ್ಕೆ ಹತ್ತಿರ ಇರುವುದನ್ನು ಆರಿಸುತ್ತದೆ. ಮೇಜಿನ ಮೇಲೆ ಆ ಕರುಣೆ ಇಲ್ಲ. 60 ಕಾರ್ಡಿನಲ್ಲಿ 24 ಲ್ಯಾಂಡ್ ಇದ್ದರೆ, ಮೊದಲ ಏಳು ಕಾರ್ಡಿನಲ್ಲಿ ಲ್ಯಾಂಡೇ ಇಲ್ಲದಿರುವ ಅಥವಾ ಒಂದೇ ಇರುವ ಸಾಧ್ಯತೆ ನೂರಕ್ಕೆ 14. ಏಳು ಗೇಮಿಗೊಮ್ಮೆ ಹೀಗಾಗುತ್ತದೆ. ಎರಡರಿಂದ ನಾಲ್ಕು ಲ್ಯಾಂಡ್ ಬರುವುದು ನೂರಕ್ಕೆ 77 ಸಲ. ಯಂತ್ರದ ಕೃಪೆಗೆ ಒಗ್ಗಿಕೊಂಡು 21 ಲ್ಯಾಂಡಿನ ಡೆಕ್ ಕಟ್ಟಿದವರು ಕೂಟದಲ್ಲಿ ಮೂರನೇ ಲ್ಯಾಂಡ್‌ಗೆ ಕಾಯುತ್ತಾ ಸಾಯುತ್ತಾರೆ. ಯಾವ ಖರ್ಚಿನ ಕಾರ್ಡಿಗೆ ಎಷ್ಟು ಲ್ಯಾಂಡ್ ಬೇಕು ಅನ್ನುವ ಲೆಕ್ಕವನ್ನು ನೆದರ್ಲೆಂಡ್ಸ್‌ನ ಹಾಲ್ ಆಫ್ ಫೇಮ್ ಆಟಗಾರ ಫ್ರಾಂಕ್ ಕಾರ್ಸ್ಟೆನ್ ಹಲವು ಲೇಖನಗಳಲ್ಲಿ ಮಾಡಿಕೊಟ್ಟಿದ್ದಾರೆ, ಅವನ್ನು ಕೂತು ಓದಿ.

ಎರಡನೆಯದು ಸೈಡ್‌ಬೋರ್ಡ್. ನಿಜವಾದ ಪಂದ್ಯ ಮೂರು ಗೇಮಿನದು. ಮೊದಲ ಗೇಮ್ ಮಾತ್ರ ಮೂಲ 60 ಕಾರ್ಡಿನಿಂದ. ಆಮೇಲೆ ಜೊತೆಗಿಟ್ಟ 15 ಕಾರ್ಡಿನಿಂದ ಬದಲಾವಣೆ ಮಾಡಿಕೊಳ್ಳಬಹುದು. ಅಂದರೆ ನೀವಾಡುವ ಗೇಮುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೈಡ್‌ಬೋರ್ಡ್ ಆದ ಮೇಲಿನವು. ಬೆಸ್ಟ್ ಆಫ್ ಒನ್‌ನಲ್ಲಿ ಆ ಭಾಗದ ಅಭ್ಯಾಸವೇ ಆಗುವುದಿಲ್ಲ. ಹೀಗೆ ಮಾಡಿ: ಆ ವಾರ ಹೆಚ್ಚು ಕಾಣಿಸುತ್ತಿರುವ ಆರು ಡೆಕ್‌ಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಎದುರೂ ಯಾವ ಕಾರ್ಡ್ ಹೊರಗೆ, ಯಾವುದು ಒಳಗೆ ಎಂದು ಮೊದಲೇ ಬರೆದಿಡಿ. ಹೊರಹೋಗುವುದೂ ಒಳಬರುವುದೂ ಸರಿಸಮ ಇರಲಿ. ಬರೆಯುವಾಗ ‘ತೆಗೆಯಲು ಒಂಬತ್ತು ಕಾರ್ಡ್ ಇವೆ, ಹಾಕಲು ನಾಲ್ಕೇ’ ಎಂದು ಕಂಡರೆ ಆ 15ರ ಆಯ್ಕೆ ತಪ್ಪಿದೆ ಎಂದರ್ಥ. ಗೇಮುಗಳ ನಡುವೆ ಈ ಚೀಟಿ ನೋಡಿಕೊಳ್ಳಲು ನಿಯಮದಲ್ಲಿ ಅವಕಾಶ ಇದೆ. ಒಂದು ಹಾಳೆಯ ಒಂದು ಮಗ್ಗುಲಿಗೆ ಮುಗಿಸಿ, ಪುಟ ತಿರುಗಿಸುತ್ತ ಕೂತರೆ ಜಡ್ಜ್ ಅವಸರ ಮಾಡುತ್ತಾರೆ.

ಮೂರನೆಯದಕ್ಕೆ ಬಹಳ ಜನ ಬಲಿಯಾಗಿದ್ದಾರೆ: ಚಿಕ್ಕ ಲೆಕ್ಕದಿಂದ ದೊಡ್ಡ ತೀರ್ಮಾನ. ‘ಹತ್ತು ಗೇಮ್ ಆಡಿದೆ, ಆರು ಗೆದ್ದೆ, ಈ ಜೋಡಿ ನನ್ನ ಕಡೆಗೆ ವಾಲಿದೆ’ ಅನ್ನುತ್ತಾರೆ. ಸರಿಸಮನಾದ ಎರಡು ಡೆಕ್‌ಗಳ ನಡುವೆಯೂ ಹತ್ತರಲ್ಲಿ ಆರು ಅಥವಾ ಹೆಚ್ಚು ಗೆಲ್ಲುವುದು ನೂರಕ್ಕೆ 38 ಸಲ ಸುಮ್ಮನೆ ಆಗಿಬಿಡುತ್ತದೆ. ನೂರು ಗೇಮ್ ಆಡಿದರೂ ನೂರಕ್ಕೆ ಹತ್ತು ಆಚೀಚೆ ತಪ್ಪಲು ಜಾಗ ಇರುತ್ತದೆ. ಅಷ್ಟು ಗೇಮ್ ಒಬ್ಬರಿಂದ ಆಗುವ ಕೆಲಸವಲ್ಲ. ದೊಡ್ಡ ತಂಡಗಳು ಹತ್ತು ಹನ್ನೆರಡು ಜನ ಸೇರಿ ತಯಾರಿ ಮಾಡುವುದು ಈ ಕಾರಣಕ್ಕೇ. ನೀವು ಮೂವರಾದರೂ ಸೇರಿ. ಎಷ್ಟು ಗೆದ್ದೆ ಅನ್ನುವುದರ ಬದಲು, ಸೋತ ಪ್ರತಿ ಗೇಮಿನಲ್ಲೂ ಯಾವ ಸರದಿಯಲ್ಲಿ, ಯಾವ ಕಾರ್ಡಿಗೆ ಸೋತೆ ಎಂದು ಒಂದು ಸಾಲು ಬರೆಯಿರಿ. ಮೂವತ್ತು ಸಾಲಾದಾಗ ಅದೇ ಕಾರಣ ಮತ್ತೆ ಮತ್ತೆ ಕಾಣತೊಡಗುತ್ತದೆ.

ಇನ್ನು ಡ್ರಾಫ್ಟ್. ಪ್ರೊ ಟೂರ್‌ನ 16 ಸುತ್ತಿನಲ್ಲಿ ಆರು ಡ್ರಾಫ್ಟ್. ಮೊದಲ ದಿನ ಮೂರು ಡ್ರಾಫ್ಟ್, ಐದು ಕನ್‌ಸ್ಟ್ರಕ್ಟೆಡ್ (ಮೊದಲೇ ಕಟ್ಟಿ ತಂದ ಡೆಕ್‌ನಿಂದ ಆಡುವುದು). ಎಂಟರಲ್ಲಿ ನಾಲ್ಕು ಗೆದ್ದರೆ ಎರಡನೇ ದಿನ ಅದೇ ಕ್ರಮ. ಡ್ರಾಫ್ಟ್‌ನಲ್ಲಿ ಎಂಟು ಜನ ಸುತ್ತ ಕೂತು, ತಲಾ ಮೂರು ಪ್ಯಾಕ್ ಒಡೆದು, ಒಂದೊಂದೇ ಕಾರ್ಡ್ ಆರಿಸಿ ಉಳಿದದ್ದನ್ನು ಪಕ್ಕಕ್ಕೆ ದಾಟಿಸುತ್ತ 40 ಕಾರ್ಡಿನ ಡೆಕ್ ಕಟ್ಟಬೇಕು: ಸಾಮಾನ್ಯವಾಗಿ 17 ಲ್ಯಾಂಡ್, 23 ಆರಿಸಿದ ಕಾರ್ಡ್. ಕನ್‌ಸ್ಟ್ರಕ್ಟೆಡ್‌ನಲ್ಲಿ ಹುಲಿಯಾದವರು ಮೊದಲ ಡ್ರಾಫ್ಟ್‌ನಲ್ಲಿ ಮೂರಕ್ಕೆ ಮೂರೂ ಸೋತರೆ, ಎರಡನೇ ದಿನ ನೋಡಲು ಉಳಿದ ಐದರಲ್ಲಿ ನಾಲ್ಕು ಗೆಲ್ಲಬೇಕಾಗುತ್ತದೆ. ಹೊಸ ಸೆಟ್ (ಕಾರ್ಡುಗಳ ಹೊಸ ಕಂತು) ಬಂದಾಗ ಕನಿಷ್ಠ 30 ಡ್ರಾಫ್ಟ್ ಮಾಡಿ, ಅದರಲ್ಲಿ ಹತ್ತಾದರೂ ಮೂರು ಗೇಮಿನ ‘ಟ್ರೆಡಿಷನಲ್’ ಬಗೆಯದಾಗಿರಲಿ.

ಕೊನೆಗೆ ಕೈಯ ಕೆಲಸ. ಅರೀನಾದಲ್ಲಿ ಟ್ರಿಗರ್‌ಗಳನ್ನು (ಇಂಥದ್ದು ನಡೆದಾಗ ಇಂಥದ್ದು ಆಗಬೇಕು ಎನ್ನುವ ಕಾರ್ಡಿನ ಪರಿಣಾಮಗಳನ್ನು) ಯಂತ್ರವೇ ನೆನಪಿಟ್ಟುಕೊಳ್ಳುತ್ತದೆ. ಮೇಜಿನ ಮೇಲೆ ಮರೆತಿರೋ, ಅದು ನಿಮ್ಮ ನಷ್ಟ. ಡೆಕ್‌ನ ಮೇಲೊಂದು ದಾಳ ಇಟ್ಟುಕೊಳ್ಳಿ, ಕಾರ್ಡ್ ಎಳೆಯಲು ಹೋದ ಕೈಗೆ ಅದು ತಾಗಿ ನೆನಪಾಗುತ್ತದೆ. ಪಂದ್ಯಕ್ಕೆ 50 ನಿಮಿಷ, ಆಮೇಲೆ ಐದು ಸರದಿ. ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದೇ. ಡ್ರಾ ಅಂದರೆ ಹೆಚ್ಚುಕಡಿಮೆ ಸೋಲು. ಗೇಮಿಗೆ 16 ನಿಮಿಷದ ಲೆಕ್ಕದಲ್ಲಿ ಫೋನಿನ ಅಲಾರಂ ಇಟ್ಟುಕೊಂಡು, ಕೈಯಾರೆ ಕಾರ್ಡ್ ಕಲಸಿ ಅಭ್ಯಾಸ ಮಾಡಿ.

ಕೂಟದಲ್ಲಿ ಆಡುವ ಮೊದಲೇ ಒಂದು ಗೇಮ್ ಕಳೆದುಕೊಂಡೆ, ಡೆಕ್ ಪಟ್ಟಿಯಲ್ಲಿ 59 ಕಾರ್ಡ್ ಬರೆದಿದ್ದೆನಂತೆ. ಇನ್ನೊಮ್ಮೆ ಫಾಯಿಲ್ (ಹೊಳೆಯುವ ಪದರದ) ಕಾರ್ಡ್ ಬಾಗಿದೆ ಎಂದು ಜಡ್ಜ್ ತಡೆದರು. ಇಂಥ ದಂಡಗಳನ್ನು ತಪ್ಪಿಸುವುದು ಹೇಗೆ?
— ಒಬ್ಬ ಆಟಗಾರ, ಮಂಗಳೂರು

ಪಟ್ಟಿಯನ್ನು ನೆನಪಿನಿಂದ ಬರೆಯಬೇಡಿ. ಸ್ಲೀವ್ (ಕಾರ್ಡಿನ ಪ್ಲಾಸ್ಟಿಕ್ ಕವಚ) ಹಾಕಿದ ಡೆಕ್ಕನ್ನು ಎದುರಿಗೆ ಹರಡಿ, ಹೆಸರು ಪ್ರಕಾರ ಗುಂಪು ಮಾಡಿ, ಗುಂಪು ನೋಡಿಕೊಂಡು ಬರೆಯಿರಿ. ಕಾರ್ಡಿನ ಪೂರ್ತಿ ಹೆಸರು ಬೇಕು. ಬರೆದ ಸಂಖ್ಯೆಗಳನ್ನು ಕೂಡಿಸಿ 60 ಮತ್ತು 15 ಬಂತೇ ನೋಡಿ. ಆಮೇಲೆ ಗೆಳೆಯರೊಬ್ಬರು ಪಟ್ಟಿ ಓದಲಿ, ನೀವು ಕಾರ್ಡ್ ತೋರಿಸುತ್ತ ಹೋಗಿ. ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ಕೂಟದ ಗಲಾಟೆಯಲ್ಲಿ ಬೇಡ, ಹಿಂದಿನ ರಾತ್ರಿಯೇ ಮುಗಿಸಿ. ಲ್ಯಾಂಡ್ ಬಿಟ್ಟುಹೋಗುವುದೇ ಹೆಚ್ಚು, ಅದರಲ್ಲೂ ಬೇಸಿಕ್ ಲ್ಯಾಂಡ್.

ಬಾಗಿದ ಫಾಯಿಲ್ ಕಾರ್ಡಿನ ತೊಂದರೆ ಕರಾವಳಿಯವರಿಗೆ ಹೆಚ್ಚು. ಕಾಗದ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಫಾಯಿಲ್ ಪದರ ಹಿಗ್ಗುವುದಿಲ್ಲ, ಆದ್ದರಿಂದ ಕಾರ್ಡ್ ಬಾಗುತ್ತದೆ. ಡೆಕ್‌ನಲ್ಲಿ ನಾಲ್ಕೇ ಕಾರ್ಡ್ ಬಾಗಿದ್ದರೆ, ಕಟ್ಟನ್ನು ಎತ್ತಿ ಎರಡು ಭಾಗ ಮಾಡುವಾಗ ಅವು ಎಲ್ಲಿವೆ ಎಂದು ಬೆರಳಿಗೇ ಗೊತ್ತಾಗುತ್ತದೆ. ನಿಯಮದ ಕಣ್ಣಿನಲ್ಲಿ ಅವು ‘ಗುರುತಾದ ಕಾರ್ಡ್’. ನಿಮ್ಮ ಮನಸ್ಸಿನಲ್ಲಿ ಮೋಸ ಇರದಿದ್ದರೂ ದಂಡ ಬೀಳಬಹುದು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕಾಪಾಡಬಹುದು. ಆದರೂ ಕೂಟಕ್ಕೆ ಸಾದಾ ಕಾರ್ಡೇ ಒಳ್ಳೆಯದು. ಚಂದಕ್ಕಾಗಿ ಫಾಯಿಲ್ ಬೇಕೇ ಬೇಕು ಅನ್ನುವವರು ಅದನ್ನು ಮನೆಯ ಆಟಕ್ಕೆ ಇಟ್ಟುಕೊಳ್ಳಲಿ.

ಸ್ಲೀವ್ ವಿಷಯ: ಕಾರ್ಡಿನ ಅಳತೆ 63 × 88 ಮಿಲಿಮೀಟರ್. ಪ್ರತಿ ದೊಡ್ಡ ಕೂಟಕ್ಕೂ ಹೊಸ ಸ್ಲೀವ್, ಒಂದೇ ಪೊಟ್ಟಣದ್ದು. 75 ಕಾರ್ಡಿಗೆ ನೂರರ ಪೊಟ್ಟಣ ತೆಗೆದುಕೊಂಡು ಉಳಿದದ್ದನ್ನು ಜೇಬಿನಲ್ಲಿಡಿ. ಆಟದ ನಡುವೆ ಒಂದು ಹರಿದರೆ ಅದೇ ಬಣ್ಣದ್ದು ಬೇಕಾಗುತ್ತದೆ. ಲ್ಯಾಂಡುಗಳನ್ನೆಲ್ಲ ಹಳೆಯ ಸ್ಲೀವಿನಲ್ಲಿ, ಉಳಿದವನ್ನು ಹೊಸದರಲ್ಲಿ ಹಾಕುವುದು ಅಪಾಯದ ಕೆಲಸ, ಅದನ್ನು ಯಾರೂ ಆಕಸ್ಮಿಕ ಎಂದು ನಂಬುವುದಿಲ್ಲ. ನಿಮ್ಮಲ್ಲಿ ಇಲ್ಲದ ಕಾರ್ಡನ್ನು ಪ್ರಿಂಟ್ ಹಾಕಿಸಿಕೊಂಡು ಬಂದರೆ ಅಧಿಕೃತ ಕೂಟದಲ್ಲಿ ನಡೆಯುವುದಿಲ್ಲ. ಕೂಟದಲ್ಲಿ ಆಡುತ್ತಿರುವಾಗ ಕಾರ್ಡ್ ಹಾಳಾದರೆ ಜಡ್ಜ್ ಬದಲಿ ಬರೆದುಕೊಡಬಹುದು.

ತಡವಾಗಿ ಬಂದರೆ ಒಂದು ಗೇಮ್ ಹೋಗುತ್ತದೆ, ಹತ್ತು ನಿಮಿಷ ಮೀರಿದರೆ ಪಂದ್ಯವೇ. ಊಟ ಸುತ್ತುಗಳ ನಡುವೆ ಹೊರಗೆ ಹುಡುಕುವ ಬದಲು ಕೈಚೀಲದಲ್ಲೇ ತನ್ನಿ.

ಇನ್ನೊಂದು ತಪ್ಪು ಇದೆ, ಅದನ್ನು ಒಳ್ಳೆಯವರೇ ಮಾಡುತ್ತಾರೆ. ಕೊನೆಯ ಸುತ್ತಿನಲ್ಲಿ ಸಮಯ ಮುಗಿದು ಡ್ರಾ ಆಗುವಂತಿದ್ದಾಗ ‘ದಾಳ ಹಾಕಿ ತೀರ್ಮಾನಿಸೋಣ’ ಅನ್ನುತ್ತಾರೆ, ಅಥವಾ ‘ನೀವು ಬಿಟ್ಟುಕೊಡಿ, ಬಹುಮಾನದಲ್ಲಿ ಪಾಲು ಕೊಡುತ್ತೇನೆ’ ಅನ್ನುತ್ತಾರೆ. ಇಬ್ಬರೂ ಒಪ್ಪಿ ಡ್ರಾ ಮಾಡಿಕೊಳ್ಳಬಹುದು, ಒಬ್ಬರು ತಾವಾಗಿ ಸೋಲೊಪ್ಪಿಕೊಳ್ಳಬಹುದು. ಆದರೆ ಅದಕ್ಕೆ ದುಡ್ಡು, ಪಾಲು, ದಾಳ ಯಾವುದನ್ನೂ ಸೇರಿಸುವಂತಿಲ್ಲ. ಬಾಯಿಂದ ಮಾತು ಹೊರಟರೆ ಪಂದ್ಯ ಹೋಯಿತು. ತಪ್ಪೆಂದು ಗೊತ್ತಿದ್ದೂ ಆಡಿದ್ದರೆ ಕೂಟದಿಂದಲೇ ಹೊರಗೆ. ಗೊಂದಲ ಇದ್ದರೆ ಕೈ ಎತ್ತಿ ಜಡ್ಜನ್ನು ಕರೆದು, ಎದುರಾಳಿಗೆ ಕೇಳದಂತೆ ಪಕ್ಕಕ್ಕೆ ಹೋಗಿ ಕೇಳಿ. ಕೇಳುವುದಕ್ಕೆ ದಂಡ ಇಲ್ಲ.

ಹುಬ್ಬಳ್ಳಿಯಲ್ಲಿ ಕೂತು ಪ್ರೊ ಟೂರ್‌ಗೆ ದಾರಿ ಇದೆಯೇ?
— ಖಾಸಗಿ ಕಂಪನಿಯ ಉದ್ಯೋಗಿ, ಹುಬ್ಬಳ್ಳಿ

ದಾರಿ ಎರಡು. ಒಂದು ಮೇಜಿನದು: ಅಂಗಡಿ ಮಟ್ಟದ ಅರ್ಹತಾ ಕೂಟ, ಅಲ್ಲಿ ಗೆದ್ದರೆ ಪ್ರಾದೇಶಿಕ ಚಾಂಪಿಯನ್‌ಶಿಪ್, ಅಲ್ಲಿ ಮೇಲೆ ಬಂದರೆ ಪ್ರೊ ಟೂರ್. ಇದಕ್ಕೆ ನೀವು ಪದೇ ಪದೇ ದೊಡ್ಡ ಊರಿಗೆ, ಆಮೇಲೆ ಹೊರದೇಶಕ್ಕೆ ಓಡಾಡಬೇಕು.

ಇನ್ನೊಂದು ಅರೀನಾ: ತಿಂಗಳ ಕೊನೆಗೆ ಮಿಥಿಕ್ ಪಟ್ಟಿಯ ಮೊದಲ 250ರೊಳಗೆ ಇದ್ದರೆ ಕ್ವಾಲಿಫೈಯರ್ ವೀಕೆಂಡ್, ಅದನ್ನು ದಾಟಿದರೆ ಅರೀನಾ ಚಾಂಪಿಯನ್‌ಶಿಪ್, ಅದರಲ್ಲಿ ಮೇಲೆ ಬಂದವರಿಗೆ ಪ್ರೊ ಟೂರ್ ಆಹ್ವಾನ. ಮೊದಲ 250ರ ಜಾಗ ಕೊನೆಯ ಎರಡು ದಿನಗಳಲ್ಲಿ ಜಾರುತ್ತದೆ. 200ರಲ್ಲಿದ್ದೇನೆ ಎಂದು ಆಟ ನಿಲ್ಲಿಸಿದವರು ಬೆಳಗಾಗುವಷ್ಟರಲ್ಲಿ 270 ಆಗಿರುತ್ತಾರೆ. ವೇಳಾಪಟ್ಟಿ ಅಮೆರಿಕದ ಪೆಸಿಫಿಕ್ ಸಮಯದಲ್ಲಿರುತ್ತದೆ. ನಾವು ಅವರಿಗಿಂತ ಅವರ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಮುಂದೆ. ರಾತ್ರಿಯಿಡೀ ಆಡಬೇಕಾಗಬಹುದು, ಮರುದಿನ ರಜೆ ಹಾಕಿಡಿ, ಯುಪಿಎಸ್ ಇಲ್ಲದೆ ಕೂರಬೇಡಿ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿರುವುದರಿಂದ, ಬಹುಮಾನ ಇರುವ ಪ್ರತಿ ಆನ್‌ಲೈನ್ ಸ್ಪರ್ಧೆಗೂ ಮೊದಲು ಭಾರತದ ಆಟಗಾರರಿಗೆ ಅದು ತೆರೆದಿದೆಯೇ ಎಂದು ನಿಯಮಪತ್ರದಲ್ಲಿ ನೋಡಿಕೊಳ್ಳಿ.

ಅರ್ಹತೆ ಸಿಗುವ ಮೊದಲೇ ವೀಸಾ ಮಾಡಿಸಿಡಿ. 2025ರ ಮೂರೂ ಪ್ರೊ ಟೂರ್ ಅಮೆರಿಕದಲ್ಲೇ ನಡೆದವು: ಷಿಕಾಗೊ, ಲಾಸ್ ವೇಗಸ್, ಅಟ್ಲಾಂಟ. ಭಾರತದಲ್ಲಿ ಸಂದರ್ಶನದ ದಿನಾಂಕ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆಹ್ವಾನ ಬಂದ ಮೇಲೆ ಅರ್ಜಿ ಹಾಕಿದರೆ ಕೂಟ ಮುಗಿದಿರುತ್ತದೆ.

ಗೆದ್ದ ಹಣಕ್ಕೆ ತೆರಿಗೆ ಎಷ್ಟು?
— ಲೆಕ್ಕಪರಿಶೋಧಕರ ಕಚೇರಿಯ ಸಹಾಯಕಿ, ತುಮಕೂರು

ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಲಾಟರಿ, ಪದಬಂಧ, ಕುದುರೆ ಪಂದ್ಯಗಳ ಜೊತೆಗೇ ‘ಇಸ್ಪೀಟು ಮತ್ತು ಇತರ ಯಾವುದೇ ಬಗೆಯ ಆಟ’ದ ಗೆಲುವೂ ಸೇರಿದೆ. ತೆರಿಗೆ ನೂರಕ್ಕೆ 30, ಮೇಲೆ ಸೆಸ್. ಆ ಗೆಲುವಿನ ಎದುರು ವಿಮಾನದ ಖರ್ಚು, ಕಾರ್ಡಿನ ಖರ್ಚು ಯಾವುದನ್ನೂ ಕಳೆಯಲು ಬಿಡುವುದಿಲ್ಲ. ಆಟಗಾರನಿಗೆ ನೋವಾಗುವ ಅಂಶ ಇದೇ: 2,000 ಡಾಲರ್ ಖರ್ಚು ಮಾಡಿ 2,000 ಗೆದ್ದವರು ಲೆಕ್ಕದಲ್ಲಿ ಸಮ, ತೆರಿಗೆ ಕಟ್ಟಿದ ಮೇಲೆ ನಷ್ಟ. ಅಮೆರಿಕದಲ್ಲಿ ಗೆದ್ದರೆ ಅಲ್ಲೂ ಹೊರದೇಶದವರ ಬಹುಮಾನದಿಂದ ಸಾಮಾನ್ಯವಾಗಿ ನೂರಕ್ಕೆ 30 ಹಿಡಿದುಕೊಳ್ಳುತ್ತಾರೆ. ಅದರ ದಾಖಲೆ ಕೇಳಿ ಪಡೆದುಕೊಂಡು, ಇಲ್ಲಿ ರಿಟರ್ನ್ ಸಲ್ಲಿಸುವಾಗ ವಿದೇಶಿ ತೆರಿಗೆ ಕ್ರೆಡಿಟ್ ಕೋರಬೇಕು. ದಾಖಲೆ ಇಲ್ಲದಿದ್ದರೆ ಎರಡೂ ಕಡೆ ಕಟ್ಟಿದಂತಾಗುತ್ತದೆ. ಕೋಚಿಂಗ್, ಸ್ಟ್ರೀಮಿಂಗ್ ಆದಾಯದ ದಾರಿ ಬೇರೆ, ಅದಕ್ಕೆ ಖರ್ಚು ತೋರಿಸಬಹುದು. ಎರಡಕ್ಕೂ ಪ್ರತ್ಯೇಕ ಪುಸ್ತಕ ಇಡಿ.

ಸ್ಪರ್ಧೆಗೆ ಬೇಕಾದ ಕಾರ್ಡುಗಳಿಗಾಗಿ ಬೂಸ್ಟರ್ ಬಾಕ್ಸ್ ಕೊಳ್ಳುವುದು ಲಾಭವೇ?
— ಓದುಗ, ಕಲಬುರಗಿ

ಅಲ್ಲ. ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಳ್ಳಿ. ಒಂದು ಡೆಕ್‌ಗೆ ಒಂದೇ ಕಾರ್ಡಿನ ನಾಲ್ಕು ಪ್ರತಿ ಬೇಕಾಗುತ್ತದೆ, ಪ್ಯಾಕಿನಿಂದ ನಾಲ್ಕೂ ಹೊರಬರುವವರೆಗೆ ಒಡೆಯುತ್ತ ಹೋದರೆ ಕೊನೆಯಿಲ್ಲ. ಹೊಸ ಸೆಟ್ ಬಂದ ಮೊದಲ ವಾರ ಬೆಲೆ ಏರಿರುತ್ತದೆ, ಎಲ್ಲರೂ ಪ್ಯಾಕ್ ಒಡೆದು ಮಾರಲು ತೊಡಗಿದಾಗ ಹೆಚ್ಚಿನ ಕಾರ್ಡುಗಳು ಇಳಿಯುತ್ತವೆ. ಇತ್ತೀಚಿನ ಸೆಟ್‌ಗಳನ್ನು ಮಾತ್ರ ಆಡಬಹುದಾದ ಸ್ಟಾಂಡರ್ಡ್ ಪ್ರಕಾರದಲ್ಲಿ ಒಂದು ಸೆಟ್ಟಿನ ಬಾಳಿಕೆ ಸುಮಾರು ಮೂರು ವರ್ಷ, 2023ರವರೆಗೆ ಎರಡೇ ವರ್ಷ ಇತ್ತು. ಅವಧಿ ಮುಗಿಯುವ ಕೆಲವು ತಿಂಗಳ ಮೊದಲೇ ಹಳೆಯವನ್ನು ಮಾರಿಬಿಡಿ. ಎಲ್ಲಕ್ಕಿಂತ ಅಗ್ಗದ ದಾರಿ ಊರಿನ ಐದಾರು ಜನ ಸೇರಿ ಕಾರ್ಡ್ ಹಂಚಿಕೊಳ್ಳುವುದು. ಕೊಟ್ಟದ್ದನ್ನೂ ಪಡೆದದ್ದನ್ನೂ ಬರೆದಿಡಿ, ಇಲ್ಲದಿದ್ದರೆ ಗೆಳೆತನ ಕೆಡುತ್ತದೆ.

ಮಗಳಿಗೆ 11 ವರ್ಷ, ಪೋಕೆಮಾನ್ ಕಾರ್ಡ್ ಆಡುತ್ತಾಳೆ. ಸ್ಪರ್ಧೆಗೆ ಕಳಿಸಬಹುದೇ? ಅವಳ ಅಣ್ಣ ಆಡುವುದು ಯು-ಗಿ-ಓ ಎಂಬ ಇನ್ನೊಂದು ಕಾರ್ಡ್ ಆಟ. ಯಾವುದರಲ್ಲಿ ಭವಿಷ್ಯ ಹೆಚ್ಚು?
— ಕನ್ನಡಿಗ ದಂಪತಿ, ನ್ಯೂಜೆರ್ಸಿ

ಧಾರಾಳವಾಗಿ ಕಳಿಸಿ. ಪೋಕೆಮಾನ್‌ನಲ್ಲಿ ವಯಸ್ಸಿಗೆ ತಕ್ಕಂತೆ ಜೂನಿಯರ್, ಸೀನಿಯರ್, ಮಾಸ್ಟರ್ಸ್ ಎಂದು ಮೂರು ವಿಭಾಗ ಇರುವುದರಿಂದ ಅವಳು ತನ್ನ ಓರಗೆಯವರ ಜೊತೆ ಆಡುತ್ತಾಳೆ. ವಿಭಾಗ ನಿರ್ಧಾರವಾಗುವುದು ಹುಟ್ಟಿದ ವರ್ಷದಿಂದ. 60 ಕಾರ್ಡಿನ ಡೆಕ್, ಅದರಿಂದಲೇ ಮುಖ ಕೆಳಗಾಗಿಸಿ ಪಕ್ಕಕ್ಕಿಟ್ಟ ಆರು ಪ್ರೈಜ್ ಕಾರ್ಡ್. ಆಟ ಶುರುವಾದ ಮೇಲೆ ಮೊದಲ ಸಲ ಡೆಕ್ ಹುಡುಕುವಾಗಲೇ ಆ ಆರರಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಲೆಕ್ಕ ಹಾಕುವುದನ್ನು ಈಗಲೇ ರೂಢಿ ಮಾಡಿಸಿ. ಇದೊಂದನ್ನು ಕಲಿತ ಮಗು ಅವಳ ವಯಸ್ಸಿನ ಬಹಳಷ್ಟು ಮಕ್ಕಳಿಗಿಂತ ಮುಂದೆ ಇರುತ್ತದೆ. ಕೂಟಗಳಲ್ಲಿ ಗಳಿಸಿದ ಚಾಂಪಿಯನ್‌ಶಿಪ್ ಪಾಯಿಂಟ್‌ಗಳ ಮೇಲೆ ವಿಶ್ವ ಚಾಂಪಿಯನ್‌ಶಿಪ್‌ಗೆ ಆಹ್ವಾನ ಬರುತ್ತದೆ.

ಯು-ಗಿ-ಓ ಅದ್ಭುತ ಆಟ, ಆದರೆ ಕೊನಾಮಿ ಕಂಪನಿ ತನ್ನ ಕಾರ್ಡ್ ಕೂಟಗಳಲ್ಲಿ ಸಾಮಾನ್ಯವಾಗಿ ನಗದು ಬಹುಮಾನ ಕೊಡುವುದಿಲ್ಲ. ವಿಶೇಷ ಕಾರ್ಡ್, ಆಟದ ಸಾಮಗ್ರಿ, ಪ್ರಯಾಣ ಇಂಥವೇ ಬಹುಮಾನ. ಆ ವಿಶೇಷ ಕಾರ್ಡುಗಳಿಗೆ ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುತ್ತಾರೆ. ಹಾಗಾಗಿ ಅಣ್ಣ ಗೆದ್ದು ತಂದರೆ ಕೈಯಲ್ಲಿ ಹಿಡಿದು ಆಡಲು ಬಿಡಬೇಡಿ, ಅಂದೇ ಗಟ್ಟಿ ಪ್ಲಾಸ್ಟಿಕ್ ಹೋಲ್ಡರಿಗೆ ಹಾಕಿ.